‘ನಕ್ಕೋ’ ಎಂದದ್ದಕ್ಕೂ ಬಿಲ್ ಇರಲಿ

ನಮ್ಮ ಕಾಲೇಜಿನ ಬೈಕ್ ಸ್ಟ್ಯಾಂಡಿನಲ್ಲಿ ಇತ್ತೀಚೆಗೆ ಒಂದು ಮಾತು ಬಹಳ ಓಡಾಡುತ್ತಿದೆ. ಕಾರಿಗೆ ಹೊರಗಿನಿಂದ ತಂದ ಒಂದು ಇನ್‌ಲೈನ್ ಫ್ಯುಯೆಲ್ ಫಿಲ್ಟರ್ ಹಾಕಿಸಿದರೆ ಪಿಕಪ್ ಜಾಸ್ತಿಯಾಗುತ್ತದಂತೆ. ಅಣ್ಣನ ಕಾರು, ಚಿಕ್ಕಪ್ಪನ ಕಾರು, ಪಕ್ಕದ ಮನೆಯವರ ಕಾರು, ಎಲ್ಲದಕ್ಕೂ ಸಾಕ್ಷಿ ಹೇಳುವವರಿದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ, ಸೈನ್ಸ್ ಸೆಕ್ಷನ್ನಿನವರು ಬೇಕಾದರೆ ನನ್ನನ್ನು ತಿದ್ದಲಿ. ಆದರೆ ರಜೆಯ ದಿನಗಳಲ್ಲಿ ನನ್ನ ಮಾಮುವಿನ ಗ್ಯಾರೇಜಿನಲ್ಲಿ ಲೆಕ್ಕ ಬರೆಯುವವನು ನಾನೇ ಆದ್ದರಿಂದ ಇಷ್ಟು ಹೇಳಬಲ್ಲೆ: ಫಿಲ್ಟರ್ ಯಾವ ಕಾರಿಗೂ ಶಕ್ತಿ ಕೊಡುವುದಿಲ್ಲ. ಅದು ಪೆಟ್ರೋಲಿನ ದಾರಿಯಲ್ಲಿ ನಿಲ್ಲಿಸಿದ ಒಂದು ತಡೆ. ಒಳ್ಳೆಯ ಫಿಲ್ಟರ್ ಎಂದರೆ ಕಸವನ್ನು ಹಿಡಿದು, ಪೆಟ್ರೋಲಿಗೆ ಆದಷ್ಟು ಕಡಿಮೆ ಅಡ್ಡ ಬರುವ ತಡೆ, ಅಷ್ಟೇ.

ಹಾಗೆಂದು ಎರಡನೇ ಫಿಲ್ಟರ್ ಹಾಕುವುದೇ ದಂಡ ಎಂದು ನಾನು ಹೇಳುತ್ತಿಲ್ಲ. ನಮ್ಮದು ಚಿಕ್ಕಮಗಳೂರು. ಗೌರವ್ ಗಿಲ್ ಅವರಂಥ ಚಾಲಕರು ಏಷ್ಯಾ ಪೆಸಿಫಿಕ್ ರ‍್ಯಾಲಿಯಲ್ಲಿ ಧೂಳೆಬ್ಬಿಸಿದ ಕಾಫಿ ತೋಟದ ದಾರಿಗಳು ಇಲ್ಲೇ ಇವೆ. ಆ ಧೂಳು ನೋಡುತ್ತಾ ಬೆಳೆದವರು ಹಳೆಯ ಎಸ್ಟೀಮ್, ಬಲೆನೊ, ಜಿಪ್ಸಿ ಕೊಂಡು ಆಟೋಕ್ರಾಸ್‌ಗೆ ಇಳಿಯುತ್ತಾರೆ. ತೋಟದಲ್ಲಿ ಕ್ಯಾನಿನಿಂದ ಪೆಟ್ರೋಲ್ ಸುರಿಯುತ್ತಾರೆ, ಕ್ಯಾನಿನ ತಳದಲ್ಲಿ ಏನಿದೆ ಎಂದು ಬಗ್ಗಿ ನೋಡುವುದಿಲ್ಲ. ದೊಡ್ಡ ಪಂಪ್ ಕೂರಿಸಿದ ಕಾರು, ಟ್ಯಾಂಕ್ ಬದಲಿಸಿದ ಕಾರು, ಒಳಗೆ ತುಕ್ಕು ಹಿಡಿದ ಟ್ಯಾಂಕಿನ ಕಾರು, ಇಂಥವಕ್ಕೆ ಇನ್ನೊಂದು ಫಿಲ್ಟರ್ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಅದರ ಮೇಲೆ ಈಗ ಎಥೆನಾಲ್ ಬೇರೆ ಸೇರಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಕೊಟ್ಟರು. ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ಎಥೆನಾಲ್. ಎಥೆನಾಲ್ ಒಳ್ಳೆಯ ದ್ರಾವಕ. ಹಳೆಯ ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಕೊಳೆಯನ್ನು ಅದು ಬಿಡಿಸಿ ಮುಂದಕ್ಕೆ ತಳ್ಳುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಹಳೆಯ ಕಾರುಗಳಿಗಾಗಿ ಮಾಡಿದ ಸಾಧಾರಣ ರಬ್ಬರ್ ಹೋಸ್‌ಗಳಿಗೂ ಅದು ಆಗಿಬರುವುದಿಲ್ಲ. ಆದ್ದರಿಂದ ಫಿಲ್ಟರಿನ ಬಗ್ಗೆ ಜನ ಮಾತಾಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ.

ನನ್ನ ತಕರಾರು ಬೇರೆ ಜಾಗದಲ್ಲಿದೆ. ಈ ಕಾರಿಗೆ ಈ ಫಿಲ್ಟರ್ ಬೇಕೋ ಬೇಡವೋ ಎಂದು ಹೇಳುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಅದಕ್ಕೆ ನಮ್ಮೂರಿನಲ್ಲಿ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ಹಾಕಿದರೆ ದುಡ್ಡು, ಹಾಕದಿದ್ದರೆ ಚಹಾ. ಹೀಗಿರುವಾಗ ಮೆಕ್ಯಾನಿಕ್ ಯಾಕಾದರೂ ‘ಬೇಡ’ ಎನ್ನಬೇಕು?

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ರಜೆಯಲ್ಲಿ ಒಂದು ಶುಕ್ರವಾರ, ಜುಮಾ ಮುಗಿಸಿ ಶಟರ್ ಎತ್ತುವ ಹೊತ್ತಿಗೆ, ಒಂದು ಹಳೆಯ ಹೋಂಡಾ ಸಿಟಿ ವಿಟೆಕ್ ಬಂತು. 2000ದ ಸುಮಾರಿಗೆ ಬಂದ, 1.5 ಲೀಟರ್, 106 ಅಶ್ವಶಕ್ತಿಯ ಆ ಕಾರನ್ನು ಈಗಲೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಮಾಲೀಕರು ಅದಕ್ಕೆ ಎಕ್ಸಾಸ್ಟ್, ಏರ್ ಫಿಲ್ಟರ್ ಎಲ್ಲ ಬದಲಿಸಿದ್ದರು. ದೂರು ಏನೆಂದರೆ ಕೈಮರದ ಏರು ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಕಾರು ಉಸಿರು ಕಟ್ಟಿದಂತೆ ಮಾಡುತ್ತದೆ. ಪರಿಹಾರವನ್ನೂ ಅವರೇ ತಂದಿದ್ದರು. ಜೇಬಿನಿಂದ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಫಿಲ್ಟರ್ ತೆಗೆದರು. 80 ರೂಪಾಯಿ. “ಇದನ್ನು ಎಂಜಿನ್ ಹತ್ತಿರ ಹಾಕಿಬಿಡಿ, ಕಸ ಬಂದರೆ ಕಣ್ಣಿಗೇ ಕಾಣುತ್ತೆ” ಎಂದರು.

ಮಾಮು ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟರು. ಆಮೇಲೆ ಪ್ರೆಶರ್ ಗೇಜ್ ತೆಗೆದರು. ಪೆಟ್ರೋಲ್ ಲೈನಿಗೆ ಅದನ್ನು ಜೋಡಿಸಿ, ಉದ್ದನೆಯ ಹೋಸನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಗೇಜನ್ನು ಮುಂದಿನ ಗಾಜಿನ ಹೊರಗೆ ಟೇಪಿನಿಂದ ಅಂಟಿಸಿದರು. ಗೇಜನ್ನು ಕಾರಿನೊಳಗೆ ಎಂದೂ ತರಬಾರದು, ಸೋರಿದರೆ ಮಡಿಲಿಗೇ ಸೋರುತ್ತದೆ. ನಂತರ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿನ ಕಡೆಗೆ ಹೋದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಐಡಲ್‌ನಲ್ಲಿ ಮುಳ್ಳು ಇರಬೇಕಾದಲ್ಲೇ ಇತ್ತು. ಏರಿನಲ್ಲಿ ಪೂರ್ತಿ ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿಯಿತು. ಮೂರು ಸಲ ನೋಡಿದೆವು, ಮೂರು ಸಲವೂ ಇಳಿಯಿತು.

ಇದರ ಅರ್ಥ ಮಾಮು ಅವರಿಗೆ ಹೀಗೆ ಬಿಡಿಸಿ ಹೇಳಿದರು. ಎಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಬೇಕಾದಾಗ ಅಷ್ಟು ಬಂದು ತಲುಪುತ್ತಿಲ್ಲ. ಪಂಪ್ ಸೋತಿರಬೇಕು, ಇಲ್ಲವೇ ಕಂಪನಿಯ ಹಳೆಯ ಫಿಲ್ಟರ್ ಕಟ್ಟಿಕೊಂಡಿರಬೇಕು. ಆ ಫಿಲ್ಟರ್ ಕೊನೆಗೆ ಯಾವಾಗ ಬದಲಾಯಿತು ಎಂದು ಕೇಳಿದರೆ ಮಾಲೀಕರಿಗೆ ಗೊತ್ತಿಲ್ಲ. ಹಾಗಾದರೆ ಮೊದಲು ಅದನ್ನು ಬಿಚ್ಚಿ ಹೊಸದು ಹಾಕೋಣ, ಆಮೇಲೂ ಮುಳ್ಳು ಇಳಿದರೆ ಪಂಪ್ ನೋಡೋಣ. ಅರ್ಧ ಮುಚ್ಚಿದ ಬಾಗಿಲಿನ ಮುಂದೆ ಇನ್ನೊಂದು ಬಾಗಿಲು ಕಟ್ಟಿದರೆ ಜನ ಬೇಗ ಹೊರಗೆ ಬರುತ್ತಾರೆಯೇ?

ಇಲ್ಲಿ ಸ್ವಲ್ಪ ಲೆಕ್ಕ ನೋಡಿ. ಪೂರ್ತಿ ಜೋರಿನಲ್ಲಿ ಓಡುವ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಹೆಚ್ಚುಕಡಿಮೆ ಕಾಲು ಕೆಜಿ ಪೆಟ್ರೋಲ್ ತಿನ್ನುತ್ತದೆ ಎಂಬುದು ಈ ಕೆಲಸದವರ ಮೋಟಾ ಲೆಕ್ಕ. 106 ಅಶ್ವಶಕ್ತಿಗೆ 26 ಕೆಜಿ ಚಿಲ್ಲರೆ, ಅಂದರೆ ಸುಮಾರು 36 ಲೀಟರ್. ನಿಮಿಷಕ್ಕೆ 600 ಮಿಲಿ. ಪಂಪ್ ಇದಕ್ಕಿಂತ ಹೆಚ್ಚು ಕಳಿಸುತ್ತದೆ, ಉಳಿದದ್ದು ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅದೆಲ್ಲವೂ ಫಿಲ್ಟರಿನ ಮೂಲಕವೇ ಹೋಗಬೇಕು. ಇಂಜೆಕ್ಟರಿನಿಂದ ಬರುವ ಪೆಟ್ರೋಲ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ. 3 ಬಾರ್ ಇರಬೇಕಾದ ಕಡೆ 2.7 ಆದರೆ ಪೆಟ್ರೋಲ್ ಸುಮಾರು 5 ಪರ್ಸೆಂಟ್ ಕಡಿಮೆ. ನಮ್ಮ ಇಂಟರ್ನಲ್ ಪರೀಕ್ಷೆಯಲ್ಲಿ 5 ಪರ್ಸೆಂಟ್ ಹೋದರೆ ಯಾರೂ ಸಾಯುವುದಿಲ್ಲ. ಪೂರ್ತಿ ಲೋಡಿನಲ್ಲಿರುವ ಎಂಜಿನ್ನಿಗೆ ಮಾತ್ರ ಅಷ್ಟು ಕೊರತೆಯೂ ಬಿಸಿಯಾಗಿ ಪರಿಣಮಿಸುತ್ತದೆ, ತುಂಬಾ ಹೊತ್ತು ಹಾಗೇ ಓಡಿಸಿದರೆ ಪಿಸ್ಟನ್ನಿಗೇ ಏಟು.

ಇನ್ನು ಆ 80 ರೂಪಾಯಿಯ ಪ್ಲಾಸ್ಟಿಕ್. ಅದು ಕೆಟ್ಟ ವಸ್ತುವೇನಲ್ಲ. ಕಾರ್ಬ್ಯುರೇಟರಿನ ಹಳೆಯ ಜಿಪ್ಸಿಗೆ ಅದೇ ಫಿಲ್ಟರನ್ನು ಮಾಮು ಕಣ್ಣುಮುಚ್ಚಿ ಹಾಕುತ್ತಾರೆ, ಯಾಕೆಂದರೆ ಅಲ್ಲಿ ಪೆಟ್ರೋಲಿನ ಒತ್ತಡ ಅರ್ಧ ಬಾರ್ ಕೂಡ ಇರುವುದಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಒತ್ತಡ 3 ಬಾರ್ ಆಸುಪಾಸು, ನಿಮ್ಮ ಕಾರಿನ ಟೈರಿನಲ್ಲಿರುವ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು. ಆ ಒತ್ತಡಕ್ಕೆ ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಮಂಜಿನಂತೆ ಸಿಡಿಯುತ್ತದೆ. ಪೆಟ್ರೋಲಿನ ಆವಿಗೆ ಕಿಡಿ ತಾಗಲು ಬಿಸಿಲು ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದು ಹೊತ್ತಿಕೊಳ್ಳುತ್ತದೆ. ಏರು ಹತ್ತಿ ಬಂದ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಷ್ಟು ಕಾದಿರುತ್ತದೆಂದರೆ ಕಿಡಿಯೂ ಬೇಕಾಗದೆ ಇರಬಹುದು. ಕಂಪನಿ ತನ್ನ ಫಿಲ್ಟರಿಗೆ ಲೋಹದ ಡಬ್ಬಿ, ಬ್ಯಾಂಜೊ ಬೋಲ್ಟ್, ಎರಡು ಕಡೆ ವಾಷರ್ ಕೊಟ್ಟಿದ್ದು ಶೋಕಿಗಲ್ಲ.

“ಫಿಲ್ಟರ್ ಮೆಟಲ್‌ದು ತಂದರೆ ಆಯಿತಲ್ಲ” ಎನ್ನಬಹುದು. ಅಷ್ಟಕ್ಕೇ ಆಗುವುದಿಲ್ಲ. ಹೋಸ್ ಕೂಡ ಇಂಜೆಕ್ಷನ್ ಒತ್ತಡಕ್ಕೆ ತಕ್ಕದ್ದಿರಬೇಕು, ರಬ್ಬರ್ ಆದರೆ ಅದರ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಬರೆದಿರುವುದು. ಕ್ಲ್ಯಾಂಪ್ ಕೂಡ ಅಂಚು ಮಡಚಿದ ಫ್ಯುಯೆಲ್ ಇಂಜೆಕ್ಷನ್ ಕ್ಲ್ಯಾಂಪ್ ಆಗಬೇಕು. ನೀರಿನ ಪೈಪಿಗೆ ಹಾಕುವ ಹಲ್ಲಿನ ಕ್ಲ್ಯಾಂಪ್ ಬಿಗಿದಷ್ಟೂ ಹೋಸಿನ ಮೈ ಕತ್ತರಿಸುತ್ತದೆ. ಎಥೆನಾಲಿಗೆ ಟೆಫ್ಲಾನ್ ಒಳಪದರದ ಹೋಸ್ ಇನ್ನೂ ಒಳ್ಳೆಯದು. ಅದಕ್ಕೆ ಎಎನ್-6 ಫಿಟ್ಟಿಂಗ್ ಹಾಕುತ್ತಾರೆ. 6 ಎಂದರೆ ಇಂಚಿನ ಹದಿನಾರನೇ ಆರು ಭಾಗ, ಅಂದರೆ ಎಂಟನೇ ಮೂರು. ಈ ಫಿಟ್ಟಿಂಗಿನಲ್ಲಿ ಸೋರಿಕೆ ತಡೆಯುವುದು 37 ಡಿಗ್ರಿ ಇಳಿಜಾರಿನ ಲೋಹದ ಮುಖಗಳು. ಅದರ ಮರೆಗೆ ಪ್ಲಂಬರ್ ಟೇಪ್ ಸುತ್ತುವುದು ನಮ್ಮ ಊರಿನ ಆವಿಷ್ಕಾರ. ಟೇಪಿನ ಎಳೆ ಹರಿದು ಒಳಗೆ ಹೋದರೆ ಕಸ ತಡೆಯಲು ಹಾಕಿದ ಫಿಟ್ಟಿಂಗೇ ಕಸ ಹಾಕಿದಂತೆ. ಪಂಪಿನ ಹಿಂದೆ, ಟ್ಯಾಂಕ್ ಕಡೆಗೆ, 100 ಮೈಕ್ರಾನಿನ ದೊಡ್ಡ ಜಾಲರಿ. ಪಂಪಿನ ಮುಂದೆ, ಎಂಜಿನ್ ಕಡೆಗೆ, 10 ಮೈಕ್ರಾನಿನ ಸಣ್ಣದು, ಅಥವಾ ತೊಳೆದು ಹಾಕುವ ಸ್ಟೀಲ್ ಜಾಲರಿಯಾದರೆ 40. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಸಣ್ಣದನ್ನು ಪಂಪಿನ ಹಿಂದೆ ಹಾಕಿದರೆ ಪಂಪ್ ಎಳೆಯಲಾರದೆ ಒದ್ದಾಡಿ ಹೋಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ವಾಪಸ್ ಲೈನೇ ಇಲ್ಲ, ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಟ್ಯಾಂಕಿನ ಬಳಿಯೇ ಇರುತ್ತದೆ. ಅಂಥ ಕಾರಿನಲ್ಲಿ ರೆಗ್ಯುಲೇಟರಿನಿಂದ ಮುಂದೆ ಫಿಲ್ಟರ್ ಸೇರಿಸಿದರೆ ಅಲ್ಲಿ ಇಳಿದ ಒತ್ತಡವನ್ನು ತುಂಬಿಕೊಡುವವರು ಯಾರೂ ಇಲ್ಲ.

ಮಾಮು ಎರಡು ಎಸ್ಟಿಮೇಟ್ ಹೇಳಿದರು. ಹಳೆಯದನ್ನು ಬಿಚ್ಚಿ ಅದೇ ಬಗೆಯ ಹೊಸದು ಹಾಕುವುದು ಒಂದು. ಎರಡನೆಯದು ಮಾಲೀಕರಿಗೆ ಹೆಚ್ಚಿನ ಫಿಲ್ಟರ್ ಬೇಕೇ ಬೇಕಿದ್ದರೆ: ಲೋಹದ ಫಿಲ್ಟರ್ 2,600, ಹೋಸ್ 1,500, ನಾಲ್ಕು ಫಿಟ್ಟಿಂಗ್ 1,800, ಬ್ರಾಕೆಟ್ಟು ಗಿಕೆಟ್ಟು 200, ಕೂಲಿ 900, ಒಟ್ಟು 7,000. ಪ್ಲಾಸ್ಟಿಕ್ ಮಾತ್ರ “ನಕ್ಕೋ”. ನಮ್ಮ ಮನೆಯ ಉರ್ದುವಿನಲ್ಲಿ ಈ ಮಾತಿಗೆ ಮೇಲೆ ಅಪೀಲಿಲ್ಲ. ಮಾಲೀಕರು ನಕ್ಕು, ಚಹಾ ಕುಡಿದು, ತಮ್ಮ 80 ರೂಪಾಯಿಯ ವಸ್ತುವನ್ನು ಜೇಬಿಗೆ ಹಾಕಿಕೊಂಡು ಹೋದರು. ಮರುವಾರ ಇನ್ನೊಂದು ಕಡೆ ಅದನ್ನೇ ಹಾಕಿಸಿಕೊಂಡರು. ಆ ಕಾರು ಈಗಲೂ ಊರಿನಲ್ಲಿ ಓಡಾಡುತ್ತಿದೆ. ಬೆಂಕಿ ಹತ್ತಿಲ್ಲ, ಹತ್ತದಿರಲಿ. ಆದರೆ ಇಷ್ಟು ದಿನ ಹತ್ತಿಲ್ಲ ಎನ್ನುವುದನ್ನೇ ಜನ ಫಿಟ್ಟಿಂಗ್ ಸರಿಯಿದೆ ಎಂಬುದಕ್ಕೆ ಪುರಾವೆಯಾಗಿ ತೋರಿಸುತ್ತಾರಲ್ಲ, ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಹೆಲ್ಮೆಟ್ ಇಲ್ಲದೆ ಮನೆ ತಲುಪಿದವರೆಲ್ಲರೂ ಕೊಡುವ ಪುರಾವೆ ಅದು.

ಈಗ ಕಾಮರ್ಸ್‌ನವನಾಗಿ ಆ ದಿನದ ಪುಸ್ತಕ ತೆರೆಯುತ್ತೇನೆ. ಮಾಮುವಿನ ಒಂದು ಗಂಟೆ ಹೋಯಿತು. ಗೇಜ್ ಬಳಕೆಯಾಯಿತು. ಅದನ್ನು ಕೊಳ್ಳಲು ದುಡ್ಡು ಕೊಟ್ಟಿದ್ದೇವೆ, ಅದರ ಡಿಪ್ರಿಸಿಯೇಷನ್ ಯಾವ ಖಾತೆಗೆ ಬರೆಯಲಿ? ಮೂವತ್ತು ವರ್ಷದ ಅನುಭವದಿಂದ ಬಂದ ಒಂದು ಸರಿಯಾದ ತೀರ್ಮಾನ ಗಿರಾಕಿಯ ಕೈಗೆ ಪುಕ್ಕಟೆ ಹೋಯಿತು. ಜಮಾ ಕಡೆ ಸೊನ್ನೆ. ಖರ್ಚಿನ ಕಡೆ ಮೂರು ಚಹಾ. ಆ ಪ್ಲಾಸ್ಟಿಕ್ಕನ್ನು ಹತ್ತು ನಿಮಿಷದಲ್ಲಿ ಕೂರಿಸಿದವರು ಎಷ್ಟಾದರೂ ಸಂಪಾದಿಸಿರಲಿ, ನಮ್ಮ ಸೊನ್ನೆಗಿಂತ ಹೆಚ್ಚೇ. ಹೀಗೆ ತಿಂಗಳಿಗೆ ಆರೆಂಟು ಗಿರಾಕಿ ಬಂದರೆ ಯಾವ ಗ್ಯಾರೇಜ್ ಉಳಿಯುತ್ತದೆ ಎಂದು ಊಹಿಸಲು ಮೈಕ್ರೋ ಎಕನಾಮಿಕ್ಸ್ ಓದಬೇಕಾಗಿಲ್ಲ.

ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕರ ಹಕ್ಕುಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸುರಕ್ಷತೆಯ ಹಕ್ಕು, ಮಾಹಿತಿಯ ಹಕ್ಕು, ಆಯ್ಕೆಯ ಹಕ್ಕು ಹೀಗೆ ಆರು. ಗ್ಯಾರೇಜಿನ ಮೆಟ್ಟಿಲಲ್ಲಿ ಕೂತು ನೋಡಿದರೆ ಈ ಮೂರೂ ಒಂದಕ್ಕೊಂದು ಜಗಳವಾಡುತ್ತವೆ. ಆಯ್ಕೆ ನನ್ನದು ಎಂದು ಗಿರಾಕಿ ಹೇಳುತ್ತಾರೆ. ಆಯ್ಕೆ ಮಾಡಲು ಮಾಹಿತಿ ಬೇಕು, ಮಾಹಿತಿ ತೆಗೆಯಲು ಒಂದು ಗಂಟೆ ಬೇಕು, ಆ ಗಂಟೆಗೆ ಬೆಲೆ ಇಲ್ಲ. ಡಾಕ್ಟರ್ ಬಳಿ ಹೋಗಿ “ನಿನಗೆ ಏನೂ ಆಗಿಲ್ಲ, ಮಾತ್ರೆ ಬೇಡ” ಎನಿಸಿಕೊಂಡರೂ ಫೀಸು ಕೊಟ್ಟೇ ಬರುತ್ತೇವೆ, ಖುಷಿಯಿಂದಲೇ ಕೊಡುತ್ತೇವೆ. ಮೆಕ್ಯಾನಿಕ್ ಅದೇ ಮಾತು ಹೇಳಿದರೆ “ಏನೂ ಮಾಡಿಲ್ಲವಲ್ಲ, ಎಂಥ ದುಡ್ಡು?” ಕೈಗೆ ಗ್ರೀಸ್ ಹತ್ತಿರುವವರ ತಲೆ ಕೆಲಸ ನಮಗೆ ಕೆಲಸವಾಗಿ ಕಾಣುವುದೇ ಇಲ್ಲ.

ಇದಕ್ಕೆ ಬೆಲೆ ತೆರುವವರು ಗಿರಾಕಿ ಮಾತ್ರ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಗ್ಯಾರೇಜಿನಲ್ಲಿ ನನ್ನದೇ ವಯಸ್ಸಿನ ಹುಡುಗನೊಬ್ಬನಿದ್ದಾನೆ. ಎಸೆಸ್ಸೆಲ್ಸಿ ಆದ ಮೇಲೆ ಅವನು ಸ್ಪಾನರ್ ಹಿಡಿದ, ನಾನು ಲೆಡ್ಜರ್ ಹಿಡಿದೆ. ಲೈನಿನ ಒತ್ತಡ ಇಳಿಸುವುದು ಹೇಗೆಂದು ನನಗೆ ತೋರಿಸಿದವನು ಅವನೇ. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಬೇಕು, ಲೈನಿನಲ್ಲಿದ್ದದ್ದು ಮುಗಿದು ಅದು ತಾನಾಗಿ ನಿಲ್ಲುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಆಮೇಲೂ ಬೋಲ್ಟಿನ ಸುತ್ತ ಬಟ್ಟೆ ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ, ನಿಧಾನಕ್ಕೆ ಸಡಿಲಿಸಬೇಕು. ವಾಷರ್ ಹಳೆಯದನ್ನೇ ಮತ್ತೆ ಹಾಕುವಂತಿಲ್ಲ. ಫಿಲ್ಟರಿನ ಮೇಲಿರುವ ಬಾಣ ಎಂಜಿನ್ ಕಡೆಗೇ ಇರಬೇಕು. ಜೋಡಿಸಿದ ಮೇಲೆ ಸ್ಟಾರ್ಟ್ ಮಾಡದೆ ಮೂರು ನಾಲ್ಕು ಸಲ ಕೀ ಆನ್ ಮಾಡಿ ಒತ್ತಡ ಏರಿಸಿ, ಒಣಗಿದ ಟಿಶ್ಯೂ ಹಿಡಿದು ಪ್ರತಿ ಜಾಯಿಂಟನ್ನೂ ಒರೆಸಿ ನೋಡಬೇಕು. ಟಿಶ್ಯೂ ಒದ್ದೆಯಾದರೆ ಕಾರು ಕದಲುವಂತಿಲ್ಲ. ಇಷ್ಟಕ್ಕೆಲ್ಲ ಸಮಯ ಬೇಕು. ಹತ್ತು ನಿಮಿಷದಲ್ಲಿ ಕೆಲಸ ಮುಗಿಸು ಎನ್ನುವ ಕಡೆ ಇದ್ಯಾವುದೂ ಆಗುವುದಿಲ್ಲ. ಅಂಥ ಕಡೆ ಕಾರಿನ ಕೆಳಗೆ ಮಲಗಿರುವವನೂ ಹದಿನೇಳು ಹದಿನೆಂಟರ ಹುಡುಗನೇ. ಪೆಟ್ರೋಲ್ ಸಿಡಿದರೆ ಮೊದಲು ಬೀಳುವುದು ಅವನ ಕಣ್ಣಿಗೆ. ಕಾರಿಗೆ ಇನ್ಶೂರೆನ್ಸ್ ಇರುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಪ್ರತಿ ಗ್ಯಾರೇಜಿನಲ್ಲೂ ತಪಾಸಣೆಗೆ ಒಂದು ಫೀಸು ಇರಬೇಕು, ಕೆಲಸ ಮಾಡಿಸಿದರೂ ಮಾಡಿಸದಿದ್ದರೂ. ಮಾಡಿಸಿದರೆ ಬಿಲ್ಲಿನಲ್ಲಿ ಕಳೆದುಕೊಳ್ಳಲಿ. ‘ಬೇಡ’ ಎಂದು ತೀರ್ಮಾನವಾದರೆ ಅದನ್ನೂ ಕಾಗದದಲ್ಲಿ ಬರೆದು ಕೊಡಲಿ: ಒತ್ತಡ ಇಷ್ಟಿತ್ತು, ಇಂಥ ಕಾರಣಕ್ಕೆ ಈ ಭಾಗ ಹಾಕಿಲ್ಲ. ಆಗ ಗಿರಾಕಿ ಮುಂದಿನ ಗ್ಯಾರೇಜಿಗೆ ಹೋದರೂ ಕೈಯಲ್ಲಿ ಏನಾದರೂ ಇರುತ್ತದೆ. ಆ ಮುಂದಿನ ಗ್ಯಾರೇಜಿನವರೂ ಕೈ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಇದನ್ನು ಹೇಳಿದಾಗ ಮೊದಲು ವಿರೋಧಿಸಿದವರು ಮಾಮುವೇ. “ಬರೀ ಮಾತಿಗೆ ದುಡ್ಡು ತಗೊಳ್ಳೋದಾ?” ಎಂದರು. ಬಿಟ್ಟುಹೋದ ಕಾರು ಅಮಾನತ್ ಇದ್ದ ಹಾಗೆ, ಅದಕ್ಕೆ ಒಳ್ಳೆಯದು ಯಾವುದು ಎಂದು ಹೇಳುವುದು ಅವರ ಪ್ರಕಾರ ವ್ಯಾಪಾರದ ಮಾತೇ ಅಲ್ಲ. ಅವರ ಮಾತಿಗೆ ನಾನು ಮರ್ಯಾದೆ ಕೊಡುತ್ತೇನೆ, ಒಪ್ಪುವುದಿಲ್ಲ. ಅಮಾನತ್ ಕಾಪಾಡುವವನಿಗೂ ಬಾಡಿಗೆ ಕಟ್ಟಬೇಕು. ಅವರ ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಆಟೋದವರು, ಹಳೆಯ ಓಮ್ನಿಯಲ್ಲಿ ತರಕಾರಿ ಸಾಗಿಸುವವರು ಫೀಸಿಗೆ ಹೆದರಿ ತೋರಿಸುವುದನ್ನೇ ಬಿಟ್ಟರೆ? ಅದಕ್ಕೆ ನಾನು ತಲೆಬಾಗಿದೆ. ದುಡಿಯುವ ಗಾಡಿಗಳಿಗೆ ಫೀಸಿಲ್ಲ. ಶೋಕಿಗೆ ಗಾಡಿ ಮಾಡಿಸುವವರಿಗೆ ಇರಲಿ. ಎಕ್ಸಾಸ್ಟಿಗೆ ಸಾವಿರಗಟ್ಟಲೆ ಸುರಿದವರಿಗೆ 300 ರೂಪಾಯಿ ಹೊರೆಯಾಗದು.

ನಮ್ಮಲ್ಲೂ ಬಹಳ ಜನರ ಮನೆಯಲ್ಲಿ ಗ್ಯಾರೇಜ್, ಟಿಂಕರಿಂಗ್, ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ ಎಂದು ನನಗೆ ಗೊತ್ತು. ಅವರೆಲ್ಲ ಮನೆಯಲ್ಲಿ ಒಮ್ಮೆ ಈ ಲೆಕ್ಕ ಹಾಕಿ ನೋಡಲಿ: ಕಳೆದ ತಿಂಗಳು ಎಷ್ಟು ಗಂಟೆ ಪುಕ್ಕಟೆ ಹೋಯಿತು ಎಂದು. ಬೈಕ್ ಸ್ಟ್ಯಾಂಡಿನ ಗೆಳೆಯರು ಫಿಲ್ಟರ್ ಕೊಳ್ಳುವ ಮೊದಲು ಕಾರಿನಲ್ಲಿ ಈಗಾಗಲೇ ಇರುವ ಫಿಲ್ಟರ್ ಎಷ್ಟು ಹಳೆಯದು ಎಂದು ಕೇಳಿಕೊಳ್ಳಲಿ.

ಮಾಮುವಿನ ಗ್ಯಾರೇಜಿಗೆ ನಾನು ಒಂದು ರೇಟ್ ಬೋರ್ಡ್ ಟೈಪ್ ಮಾಡಿಟ್ಟಿದ್ದೇನೆ, ಕನ್ನಡದಲ್ಲೊಂದು, ಉರ್ದುವಿನಲ್ಲೊಂದು. ಮೂರು ಸಾಲು ಒಪ್ಪಿದ್ದಾರೆ, ಫೀಸಿನ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಯೋಚಿಸುತ್ತೇನೆ ಎಂದಿದ್ದಾರೆ. ಉರ್ದು ಬೋರ್ಡಿನಲ್ಲಿ ‘ನಕ್ಕೋ’ ಎಂದು ಮಾತ್ರ ಬರೆಯಬೇಡವಂತೆ, ಜನ ನಗುತ್ತಾರಂತೆ.